ನಾಣ್ಯದ ದರ್ಜೆ, ನಾಣ್ಯದ ಬೆಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ 1911ರ ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯೊಂದು ಸಿಕ್ಕಿತು. ಮನೆಯವರು ಅದನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದಿದ್ದಾರೆ. ಒಬ್ಬ ವ್ಯಾಪಾರಿ ಇದು ಅಪರೂಪದ ನಾಣ್ಯವೆಂದರು. ಇನ್ನೊಬ್ಬರು ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ಕೊಡಬಹುದು ಅಷ್ಟೇ ಎಂದರು. ಯಾರ ಮಾತನ್ನು ನಂಬಬೇಕು? (ಓದುಗರು, ದಾವಣಗೆರೆ)

ಉತ್ತರ: ಇಬ್ಬರ ಮಾತೂ ನಿಜವಿರಬಹುದು. ಆ ವರ್ಷದ ರೂಪಾಯಿಯಲ್ಲಿ ದೊರೆಯ ಎದೆಯ ಮೇಲಿನ ಪದಕಸರದಲ್ಲಿದ್ದ ಆನೆಗೆ ಸೊಂಡಿಲು ಗಿಡ್ಡವಾಗಿ, ಅದು ಹಂದಿಯಂತೆ ಕಾಣುತ್ತದೆ ಎಂಬ ಆಕ್ಷೇಪ ಎದ್ದಿತು. ಅಚ್ಚಾಗಿದ್ದ ಸುಮಾರು 94 ಲಕ್ಷ ನಾಣ್ಯಗಳಲ್ಲಿ ಚಲಾವಣೆಗೆ ಹೋದವು ಸುಮಾರು 7 ಲಕ್ಷ ಮಾತ್ರ. ಉಳಿದವನ್ನು ಕರಗಿಸಿ, 1912ರಿಂದ ತಿದ್ದಿದ ಆನೆಯೊಂದಿಗೆ ಅಚ್ಚು ಹಾಕಿದರು. ಸಂಗ್ರಾಹಕರು ಇದನ್ನು ‘ಹಂದಿ ರೂಪಾಯಿ’ ಎಂದೇ ಕರೆಯುತ್ತಾರೆ.

ಆದರೆ ವಿರಳತೆಯೊಂದೇ ಬೆಲೆ ಕಟ್ಟುವುದಿಲ್ಲ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಒಂದೇ ದೀಪದ ಕೆಳಗೆ ನಿಧಾನವಾಗಿ ಓರೆ ಮಾಡಿ ನೋಡಿ. ಟಂಕಸಾಲೆಯ ಮೂಲ ಹೊಳಪು ಉಳಿದಿದ್ದರೆ ಬೆಳಕಿನ ಪಟ್ಟೆಯೊಂದು ಮೇಲ್ಮೈಯ ಸುತ್ತ ತಿರುಗುತ್ತದೆ; ಉಜ್ಜಿದ ನಾಣ್ಯದಲ್ಲಿ ಎಲ್ಲೆಡೆ ಒಂದೇ ತೆರನ ಸಪ್ಪೆ ಬಿಳುಪು ಕಾಣುತ್ತದೆ, ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ತೋರುತ್ತವೆ. ಸವಕಳಿ ಎಷ್ಟೆಂದು ತಿಳಿಯಲು ಕಿರೀಟದ ಉಬ್ಬುಗಳು, ದೊರೆಯ ಹುಬ್ಬು, ಮೀಸೆ, ಕಿವಿಯನ್ನು ನೋಡಬೇಕು, ಏಕೆಂದರೆ ಕೈಯಿಂದ ಕೈಗೆ ಹೋಗುವಾಗ ಮೊದಲು ಸವೆಯುವುದು ಎತ್ತರವಾಗಿರುವ ಜಾಗ. 11.66 ಗ್ರಾಂ ತೂಗುವ ಈ ರೂಪಾಯಿಯಲ್ಲಿ ಶೇಕಡಾ 91.7ರಷ್ಟು ಬೆಳ್ಳಿಯಿದೆ, ಆದ್ದರಿಂದ ಎಷ್ಟೇ ಕೆಟ್ಟಿದ್ದರೂ ಲೋಹದ ಬೆಲೆ ಎಲ್ಲಿಗೂ ಹೋಗದು. ಅದಕ್ಕೂ ಮೇಲಿನ ಬೆಲೆ ನಿಂತಿರುವುದು ಮೇಲ್ಮೈಯ ಮೇಲೆ, ನಿಮ್ಮ ನಾಣ್ಯದಲ್ಲಿ ಹಾಳಾಗಿರುವುದೂ ಅದೇ. ನಮ್ಮ ಮನೆಗಳಲ್ಲಿ ಕಾಸಿನ ಸರಕ್ಕೆಂದು ಕೊಂಡಿ ಬೆಸೆದು, ಆಮೇಲೆ ಕಿತ್ತ ರೂಪಾಯಿಗಳಿಗೂ ಇದೇ ಗತಿ. ಹಳೆಯ ಬೆಳ್ಳಿಯ ಮೇಲಿನ ಕಪ್ಪು ಛಾಯೆ ಕೊಳೆಯಲ್ಲ, ದಯವಿಟ್ಟು ಅದನ್ನು ಮುಟ್ಟಬೇಡಿ.

ಪ್ರಶ್ನೆ: ಎಂಎಸ್ 64, ಎಂಎಸ್ 65 ಎಂಬ ಅಂಕಿಗಳ ಅರ್ಥವೇನು? ನನ್ನ 1862ರ ವಿಕ್ಟೋರಿಯಾ ರೂಪಾಯಿಯನ್ನು ಅಮೆರಿಕದಲ್ಲಿರುವ ತಮ್ಮನಿಗೆ ಕಳಿಸಿ ದರ್ಜೆ ಹಾಕಿಸಬಹುದೇ? ಟಿಪ್ಪುವಿನ ತಾಮ್ರದ ಕಾಸಿಗೂ ಇದೇ ಅಳತೆಯೇ? (ಓದುಗರು, ಮೈಸೂರು)

ಉತ್ತರ: 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವರು ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಅಳತೆಯಿದು. 60 ಮತ್ತು ಅದಕ್ಕೆ ಮೇಲ್ಪಟ್ಟವು ಚಲಾವಣೆಯ ಸವಕಳಿ ಕಾಣದ ನಾಣ್ಯಗಳು; ಎಂಎಸ್ ಎಂದರೆ ಮಿಂಟ್ ಸ್ಟೇಟ್, ಅಂದರೆ ಟಂಕಸಾಲೆಯಿಂದ ಬಂದ ಸ್ಥಿತಿ. 1986ರಲ್ಲಿ ಆರಂಭವಾದ ಪಿಸಿಜಿಎಸ್, 1987ರಲ್ಲಿ ಆರಂಭವಾದ ಎನ್‌ಜಿಸಿ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಅಂಕಿ ನಮೂದಿಸಿ, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತವೆ. ಅಸಲಿ ಎಂಬ ಖಾತ್ರಿಯೇ ಈ ಕವಚದ ದೊಡ್ಡ ಉಪಯೋಗ ಎಂಬುದು ನನ್ನ ಅಭಿಪ್ರಾಯ. ಒಂದಂಕಿಯ ವ್ಯತ್ಯಾಸ ಬರಿಗಣ್ಣಿಗೆ ಕಾಣದಿದ್ದರೂ ಹರಾಜಿನಲ್ಲಿ ಬೆಲೆ ಏರಿಬಿಡುವುದರಿಂದ, ಅಂಕಿಯನ್ನಲ್ಲ, ನಾಣ್ಯವನ್ನು ನೋಡಿ ಕೊಳ್ಳಬೇಕು.

ತಮ್ಮನಿಗೆ ಮಾತ್ರ ಕಳಿಸಬೇಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು; ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವುದು ಅಪರಾಧ.

ಟಿಪ್ಪುವಿನ ಆನೆ ಕಾಸಿನ ಮಾತು ಬೇರೆ. ಅದು ಕೈಯಿಂದ ಬಡಿದು ಮಾಡಿದ ನಾಣ್ಯವಾದ್ದರಿಂದ ಅಚ್ಚು ಒಂದು ಬದಿಗೆ ಸರಿದಿರುವುದು, ಅಂಚಿನ ಬರಹ ಬಿಟ್ಟುಹೋಗಿರುವುದು ಸಾಮಾನ್ಯ, ಅದು ಸವಕಳಿಯಲ್ಲ. ಆನೆ ಪೂರ್ತಿ ಮೂಡಿದೆಯೇ, ಪಟ್ಟಣ ಎಂದು ನಮೂದಾಗುತ್ತಿದ್ದ ಶ್ರೀರಂಗಪಟ್ಟಣದಂಥ ಟಂಕಸಾಲೆಯ ಹೆಸರು ಓದಲು ಸಿಗುತ್ತದೆಯೇ, ಇಸವಿ ತಿಳಿಯುತ್ತದೆಯೇ ಎಂಬುದರ ಮೇಲೆ ಇದರ ಬೆಲೆ ನಿಲ್ಲುತ್ತದೆ. ಯಂತ್ರದಲ್ಲಿ ಅಚ್ಚಾದ ರೂಪಾಯಿಯ ಅಂಕಿಗಳನ್ನು ಇದಕ್ಕೆ ಹಾಗೆಯೇ ಅನ್ವಯಿಸಿದರೆ ಒಳ್ಳೆಯ ಕಾಸನ್ನೂ ಕೀಳೆಂದು ತಳ್ಳಿದಂತಾಗುತ್ತದೆ.

ಪ್ರಶ್ನೆ: ಈಸ್ಟ್ ಇಂಡಿಯಾ ಕಂಪನಿ, 1818 ಎಂದಿರುವ ರಾಮ-ಸೀತೆಯರ ನಾಣ್ಯ ನಮ್ಮಲ್ಲಿದೆ. ಒಬ್ಬರು ಫೋನಿನಲ್ಲಿ ಲಕ್ಷಗಟ್ಟಲೆ ಬೆಲೆ ಹೇಳಿ, ಮೊದಲು ನೋಂದಣಿ ಶುಲ್ಕ ಕಟ್ಟಿರಿ ಎನ್ನುತ್ತಿದ್ದಾರೆ. (ಓದುಗರು, ಹಾವೇರಿ)

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಂಪನಿ ಸರ್ಕಾರ ಇಂಥ ನಾಣ್ಯವನ್ನು ಅಚ್ಚು ಹಾಕಿಸಿಯೇ ಇಲ್ಲ. ಇವು ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆಗಳು. ದೇವರ ಮನೆಯಲ್ಲಿಟ್ಟು ಪೂಜಿಸಲು ಅಡ್ಡಿಯಿಲ್ಲ, ಆದರೆ ನಾಣ್ಯ ಮಾರುಕಟ್ಟೆಯಲ್ಲಿ ಇವಕ್ಕೆ ಬೆಲೆಯಿಲ್ಲ. ಹಳೆಯ ನಾಣ್ಯ, ನೋಟುಗಳ ಮಾರಾಟಕ್ಕೆಂದು ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬಾರದು, ತಾನು ಇಂಥ ವ್ಯವಹಾರ ನಡೆಸುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಯಾವುದೇ ನಾಣ್ಯದ ಬೆಲೆ ತಿಳಿಯಬೇಕಾದರೆ ಜಾಹೀರಾತಿನಲ್ಲಿ ಮಾರುವವರು ಕೇಳಿದ ಮೊತ್ತವನ್ನು ಬಿಟ್ಟು, ಅದೇ ಇಸವಿಯ, ಅದೇ ಟಂಕಸಾಲೆಯ, ಅದೇ ದರ್ಜೆಯ ನಾಣ್ಯ ಹರಾಜಿನಲ್ಲಿ ನಿಜಕ್ಕೂ ಎಷ್ಟಕ್ಕೆ ಹೋಯಿತೆಂಬುದನ್ನು ಹುಡುಕಿ. ಕರೆ ಮಾಡಿದವರ ಸಂಖ್ಯೆಯನ್ನು ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ.