'ಜ ಸ್ವಿ ಮಾಂಜೇ' ಯಾಕೆ ತಪ್ಪು: ಫ್ರೆಂಚ್ ಭೂತಕಾಲದ ಬಗ್ಗೆ ಕೇಳಿದವರಿಗೆ

ಮೇಡಂ, ಪಿಯುಸಿಯಲ್ಲಿ ಫ್ರೆಂಚ್ ತಗೊಂಡಿರೋ ನಿಮ್ಮ ಮಗಳು 'ನಾನು ತಿಂದೆ' ಅನ್ನೋದಕ್ಕೆ 'ಜ ಸ್ವಿ ಮಾಂಜೇ' ಅಂತ ಬರೆದು ಕೆಂಪು ಗೀಟು ಹಾಕಿಸ್ಕೊಂಡಿದ್ದಾಳೆ. 'ನಾನು ಹೋದೆ'ಗೆ 'ಜ ಸ್ವಿ ಅಲ್ಲೇ' ಸರಿ ಇರುವಾಗ ಇದು ಹೇಗೆ ತಪ್ಪು ಅಂತ ಕೇಳಿದ್ದೀರಿ. ಅವಳನ್ನ ಬೈಬೇಡಿ. ಅರ್ಧ ತಪ್ಪು ನಮ್ಮ ಕನ್ನಡದ್ದು.

'ತಿಂದಿದ್ದೀನಿ', 'ಹೋಗಿದ್ದೀನಿ', 'ಮಲಗಿದ್ದೀನಿ' ಇವನ್ನ ಬಿಡಿಸಿ ನೋಡಿ. ತಿಂದು ಇದ್ದೀನಿ, ಹೋಗಿ ಇದ್ದೀನಿ, ಮಲಗಿ ಇದ್ದೀನಿ. ಎಲ್ಲದಕ್ಕೂ ಬೆನ್ನಿಗೆ ನಿಲ್ಲೋದು 'ಇರು' ಒಂದೇ. ಫ್ರೆಂಚಿನ ಪಾಸೇ ಕೊಂಪೋಜ಼ೇ, ಅಂದ್ರೆ ನಿಮ್ಮ ಮಗಳು ಬರೆಯಹೊರಟ ಭೂತಕಾಲ, ಕೂಡ ಹೀಗೇ ಎರಡು ತುಂಡಿನದು, ಆದರೆ ಅಲ್ಲಿ ಸಹಾಯಕ್ಕೆ ಇಬ್ಬರಿದ್ದಾರೆ: ಎತ್ರ್ ಅಂದ್ರೆ 'ಇರು' ('ನಾನು' ಬಂದಾಗ 'ಜ ಸ್ವಿ'), ಅವ್ವಾರ್ ಅಂದ್ರೆ ಇಂಗ್ಲಿಷಿನ ಹ್ಯಾವ್ ('ನಾನು' ಬಂದಾಗ 'ಜೇ'). ಈ ಎರಡನೆಯದಕ್ಕೆ ನಮ್ಮಲ್ಲಿ ಕ್ರಿಯಾಪದವೇ ಇಲ್ಲ. 'ನನ್ನ ಹತ್ರ ದುಡ್ಡಿದೆ' ಅನ್ನುವಾಗಲೂ ಇರೋದು 'ಇರು'ನೇ. ಹಾಗಾಗಿ ಕನ್ನಡದ ಮಕ್ಕಳ ಕೈ ತಾನಾಗೇ ಎತ್ರ್ ಕಡೆ ಹೋಗುತ್ತೆ. ಫ್ರೆಂಚಿನಲ್ಲೋ ಮುಕ್ಕಾಲಲ್ಲ, ಹೆಚ್ಚುಕಡಿಮೆ ಎಲ್ಲಾ ಕ್ರಿಯಾಪದಗಳೂ ಅವ್ವಾರ್ ಪಾಲು. 'ನಾನು ತಿಂದೆ', 'ತಿಂದಿದ್ದೀನಿ' ಎರಡಕ್ಕೂ 'ಜೇ ಮಾಂಜೇ'. ನಿಮ್ಮ ಮಗಳು ಬರೆದ 'ಜ ಸ್ವಿ ಮಾಂಜೇ' ಅಂದ್ರೆ 'ನನ್ನನ್ನ ತಿಂದುಬಿಟ್ಟಿದ್ದಾರೆ' ಅಂದ ಹಾಗೆ!

ನಾನೂ ಬಿದ್ದ ಹಳ್ಳ ಇದು. ಫ್ರಾನ್ಸಿನ ಲಿಯೋನಿನಲ್ಲಿ ಕೆಲಸಕ್ಕಿದ್ದಾಗ ಒಂದು ಸಂಜೆ 'ಕೆಲಸ ಮುಗಿಸಿದೆ' ಅನ್ನೋಕೆ 'ಜ ಸ್ವಿ ಫಿನಿ' ಅಂದೆ. ಪಕ್ಕದ ಮೇಜಿನವರು ಗಾಬರಿಯಾಗಿ ನೋಡಿದರು. ನಾನು ಹೇಳಿದ್ದು 'ನನ್ನ ಕಥೆ ಮುಗೀತು' ಅಂತ. ಬೇಕಿದ್ದದ್ದು 'ಜೇ ಫಿನಿ'.

ಇಲ್ಲಿ ಕಿವಿಗೂ ಒಂದು ಮಾತು. 'ಜ ಫಿನಿ' ಅಂದ್ರೆ ಮುಗಿಸ್ತೀನಿ, 'ಜೇ ಫಿನಿ' ಅಂದ್ರೆ ಮುಗಿಸಿದೆ. ವ್ಯತ್ಯಾಸ ಒಂದು ಸ್ವರ ಅಷ್ಟೇ. ಹಾಗೇ 'ಅವರು' ಬಂದಾಗ 'ಇಲ್ ಜ಼ೋಂ' ಅವ್ವಾರ್, 'ಇಲ್ ಸೋಂ' ಎತ್ರ್. ಇವನ್ನ ಪುಸ್ತಕ ಮುಚ್ಚಿ ಬಾಯಲ್ಲಿ ಹೇಳಿಸಿ.

ಎರಡನೇ ತುಂಡು ಸುಲಭ. ಮಾಂಜೇ, ಪಾರ್ಲೇ (ಮಾತಾಡು) ಥರದವುಗಳಲ್ಲಿ ಉಚ್ಚಾರ ಬದಲಾಗಲ್ಲ. ಬರವಣಿಗೆಯಲ್ಲಿ ಕೊನೆಯ ಆರ್ ತೆಗೆದು ಇ ಅಕ್ಷರದ ತಲೆ ಮೇಲೆ ಓರೆ ಗೀಟು. ಫಿನೀರ್ ಹೋಗಿ ಫಿನಿ, ವಾಂದ್ರ್ (ಮಾರು) ಹೋಗಿ ವಾಂದ್ಯು. ದಾರಿ ತಪ್ಪಿದವೂ ಇವೆ: ಪ್ರಾಂದ್ರ್‌ಗೆ (ತಗೊಳ್ಳು) ಪ್ರಿ, ಫೇರ್‌ಗೆ (ಮಾಡು) ಫೆ, ವ್ವಾರ್‌ಗೆ (ನೋಡು) ವ್ಯು. 'ಬರು' ಹೋಗಿ 'ಬಂದ', 'ಕೊಡು' ಹೋಗಿ 'ಕೊಟ್ಟ' ಆಗೋದನ್ನ ಯಾರೂ ಪಟ್ಟಿ ಮಾಡಿ ಕಲೀಲಿಲ್ಲವಲ್ಲ, ಬಳಸ್ತಾ ಬಳಸ್ತಾ ಬರುತ್ತೆ.

ಹಾಗಾದ್ರೆ ಎತ್ರ್ ಯಾರಿಗೆ? ಒಂದು ಹದಿನೈದಿಪ್ಪತ್ತು ಕ್ರಿಯಾಪದಗಳಿಗೆ. ಅಲ್ಲಿನ ಮೇಷ್ಟ್ರುಗಳು ಒಂದು ಮನೆ ಚಿತ್ರ ಬರೀತಾರೆ: ಬಾಗಿಲಲ್ಲಿ ಬರೋರು ಹೋಗೋರು, ಮೆಟ್ಟಿಲು ಹತ್ತೋರು ಇಳಿಯೋರು, ಒಬ್ಬ ಬೀಳ್ತಾನೆ, ಒಬ್ಬ ಉಳೀತಾನೆ, ಒಂದು ಕೋಣೇಲಿ ಹುಟ್ಟು, ಇನ್ನೊಂದರಲ್ಲಿ ಸಾವು. ಅವಳ ಕೈಯಲ್ಲೇ ಆ ಮನೆ ಬರೆಸಿ. ಆದರೆ 'ಚಲನೆ ಇದ್ರೆ ಎತ್ರ್' ಅಂತ ಮಾತ್ರ ಹೇಳಿಕೊಡಬೇಡಿ. ನಡೆಯೋದು, ಓಡೋದು, ಈಜೋದು ಎಲ್ಲಾ ಅವ್ವಾರ್: 'ಜೇ ಮಾರ್ಶೇ'. ಅವು ಹೇಗೆ ಅಂತ ಹೇಳ್ತವೆ, ಎಲ್ಲಿಂದ ಎಲ್ಲಿಗೆ ಅಂತ ಅಲ್ಲ.

ಇನ್ನೊಂದು ಮಜಾ. ಲಿಯೋನಿನ ಫುರ್ವಿಯೇರ್ ಗುಡ್ಡ ಹತ್ತಿದರೆ 'ಜ ಸ್ವಿ ಮೋಂತೇ'. ಸೂಟ್‌ಕೇಸು ಮೇಲಕ್ಕೆ ಹೊತ್ತೊಯ್ದರೆ 'ಜೇ ಮೋಂತೇ ಲಾ ವಲೀಜ಼್'. ಕರ್ಮಪದ ಬಂತೋ, ಅವ್ವಾರ್ ಬಂತು.

'ಕೊಳ್ಳು' ನಮಗೆ ಅನುಕೂಲಕ್ಕೆ ಬರುತ್ತೆ. 'ಮೈ ತೊಳ್ಕೊಂಡಳು' ಅನ್ನೋ ಜಾತಿಯವಕ್ಕೆಲ್ಲ ಎತ್ರ್: 'ಎಲ್ ಸೆ ಲಾವೇ'. ಆದರೆ ಕಣ್ಣು ಮುಚ್ಚಿ ನಂಬಬೇಡಿ, 'ತಗೊಂಡೆ'ಗೆ 'ಜೇ ಪ್ರಿ'.

ಎತ್ರ್ ಬಂದಲ್ಲಿ ಕರ್ತೃ ಹೆಣ್ಣಾದ್ರೆ ಕೊನೆಗೆ ಇನ್ನೊಂದು ಇ ಅಕ್ಷರ. ನಮ್ಮಲ್ಲಿ 'ಹೋದಳು', 'ಹೋದ' ಅಂತ ಭೇದ ಇದೆ, 'ನಾನು ಹೋದೆ'ಯಲ್ಲಿ ಇಲ್ಲ. ಅಲ್ಲಿ 'ನಾನು' ಅಂದಾಗಲೂ ಬರೆಯೋರು ಹೆಣ್ಣೋ ಗಂಡೋ ಗೊತ್ತಾಗುತ್ತೆ. 'ಅಲ್ಲೇ' ಉಚ್ಚಾರ ಎರಡಕ್ಕೂ ಒಂದೇ ಆದ್ದರಿಂದ ಪರೀಕ್ಷೆಯಲ್ಲಿ ಅಂಕ ಹೋಗೋದು ಇಲ್ಲೇ. ಆ ಮನೆ ಚಿತ್ರದ ಕ್ರಿಯಾಪದಗಳ ಪೈಕಿ ಸಾವಿನಲ್ಲಿ ಮಾತ್ರ ಕೇಳಿಸುತ್ತೆ: ಅವನಿಗೆ ಮೋರ್, ಅವಳಿಗೆ ಮೋರ್ತ್.

ಅವ್ವಾರ್ ಜೊತೆ ಈ ತಾಪತ್ರಯ ಇಲ್ಲ, ಕರ್ಮಪದ ಕ್ರಿಯಾಪದಕ್ಕಿಂತ ಮುಂಚೆ ಬಂದು ಕೂತಾಗ ಬಿಟ್ಟು. 'ನಾನು ಬರೆದ ಪತ್ರ' ಅನ್ನುವಾಗ ಪತ್ರ ಸ್ತ್ರೀಲಿಂಗ, ಅದಕ್ಕೆ ಎಕ್ರಿ ಹೋಗಿ ಎಕ್ರಿತ್. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಮೇಷ್ಟ್ರುಗಳೇ ಇದನ್ನ ಕೈಬಿಡೋಣ ಅಂತ ಪತ್ರಿಕೆಯಲ್ಲಿ ಬರೆದು ದೊಡ್ಡ ಜಗಳ ಆಯ್ತು. ನಿಯಮ ಇನ್ನೂ ಇದೆ, ಆದರೂ ಅವಳು ಇದನ್ನ ಕೊನೆಗೆ ಕಲಿಯಲಿ.

'ತಿಂದಿಲ್ಲ'ದಲ್ಲಿ ನಮ್ಮ 'ಇಲ್ಲ' ಬಾಲದಲ್ಲಿದೆ, ಅವರದ್ದು ನಡುವೆ: 'ಜ ನೇ ಪಾ ಮಾಂಜೇ'. ಮಾತಾಡುವಾಗ 'ಜೇ ಪಾ ಮಾಂಜೇ' ಅಂತಾರೆ, ಉತ್ತರಪತ್ರಿಕೆಯಲ್ಲಿ ಬೇಡ. ದೇಜಾ ಅಂದ್ರೆ 'ಆಗಲೇ', ಅದೂ ಆ ನಡುವಿನ ಜಾಗದಲ್ಲೇ: 'ಜೇ ದೇಜಾ ಮಾಂಜೇ'.

ಒಂದು ವಾರ ರಾತ್ರಿ ಊಟ ಆದ್ಮೇಲೆ ಅವಳು ಆ ದಿನ ಮಾಡಿದ್ದನ್ನ ಎಂಟು ವಾಕ್ಯದಲ್ಲಿ ಬರೀಲಿ, ಎದ್ದದ್ದರಿಂದ ಹಿಡಿದು. ಎದ್ದೆ, ಹೋದೆ, ಬಂದೆಗೆ ಎತ್ರ್. ತಿಂದೆ, ಕುಡಿದೆ, ಓದಿದೆಗೆ ಅವ್ವಾರ್. ಎರಡೂ ತಾವಾಗೇ ಬರ್ತವೆ. ಒಂದು ದಿನದ್ದು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.