ಪಕ್ಕದಲ್ಲೇ ಕಡಲಿದ್ದರೂ ನಮೀಬಿಯಾ ಯಾಕೆ ಮರುಭೂಮಿ?

ಪ್ರಶ್ನೆ: ನಮ್ಮ ಕರಾವಳಿಯ ಹಾಗೆ ನಮೀಬಿಯಾಕ್ಕೂ ಪಶ್ಚಿಮದಲ್ಲಿ ಕಡಲಿದೆ, ಒಳಗಡೆ ಘಟ್ಟವೂ ಇದೆ. ನಮ್ಮಲ್ಲಿ ಜಡಿಮಳೆ, ಅಲ್ಲಿ ಬರೀ ಮರಳು. ಯಾಕೆ? ಅಷ್ಟೊಂದು ಮರಳು ಬಂದದ್ದಾದರೂ ಎಲ್ಲಿಂದ? ಕುಡಿಯುವ ನೀರಿಗೆ ಜನ ಏನು ಮಾಡುತ್ತಾರೆ?
– ಕುಂದಾಪುರದ ಓದುಗರೊಬ್ಬರು

ಉತ್ತರ: ನಕ್ಷೆಯನ್ನು ಚೆನ್ನಾಗಿಯೇ ನೋಡಿದ್ದೀರಿ. ನಮೀಬಿಯಾದ ತೀರ ಸುಮಾರು 1,570 ಕಿ.ಮೀ. ಉದ್ದವಿದೆ. ಅಲ್ಲಿಂದ ಒಳಕ್ಕೆ ಹೋದರೆ ಘಟ್ಟ ಸಿಗುತ್ತದೆ, ಅದನ್ನು ಹತ್ತಿದರೆ ಎತ್ತರದ ಬಯಲು. ರಾಜಧಾನಿ ವಿಂಡ್‌ಹುಕ್ ಇರುವುದೇ ಸುಮಾರು 1,650 ಮೀಟರ್ ಎತ್ತರದಲ್ಲಿ. ಆದರೆ ಕಡಲು, ಘಟ್ಟ ಎರಡೂ ಇದ್ದ ಮಾತ್ರಕ್ಕೆ ಮಳೆ ಬರುವುದಿಲ್ಲ. ಆ ಕಡಲು ಎಷ್ಟು ಬೆಚ್ಚಗಿದೆ, ಗಾಳಿ ಯಾವ ಕಡೆಗೆ ಬೀಸುತ್ತದೆ ಅನ್ನುವುದೂ ಮುಖ್ಯ.

ಮುಂಗಾರಿಗೆ ಮುಂಚೆ ಅರಬ್ಬಿ ಸಮುದ್ರದ ಮೇಲ್ನೀರು 28 ಡಿಗ್ರಿ ದಾಟಿರುತ್ತದೆ. ಅಲ್ಲಿನ ಹಸಿ ಗಾಳಿ ನೇರವಾಗಿ ಪಶ್ಚಿಮ ಘಟ್ಟಕ್ಕೆ ಬಡಿದು, ಮೇಲೇರಿ, ತಣಿದು ಸುರಿಯುತ್ತದೆ. ನಮೀಬಿಯಾದ ಕಡಲು ಹಾಗಲ್ಲ. ದಕ್ಷಿಣದಿಂದ ಬೆಂಗುವೆಲಾ ಎಂಬ ತಣ್ಣನೆಯ ಪ್ರವಾಹ ಬರುತ್ತದೆ. ತೀರದ ಗುಂಟ ಬೀಸುವ ದಕ್ಷಿಣದ ಗಾಳಿ ಮೇಲ್ನೀರನ್ನು ಆಚೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ಹಾಗಾಗಿ ತೀರದ ಹತ್ತಿರ ನೀರು ಸಾಮಾನ್ಯವಾಗಿ 12ರಿಂದ 18 ಡಿಗ್ರಿ ಅಷ್ಟೇ. ಅದರ ಮೇಲಿನ ಗಾಳಿಯೂ ತಣ್ಣಗೆ, ಭಾರವಾಗಿ ಕೆಳಗೇ ಉಳಿಯುತ್ತದೆ. ಇನ್ನೂ ಮೇಲೆ, ಆಕಾಶದಿಂದ ಕೆಳಗಿಳಿಯುವ ಒಣ ಬಿಸಿಗಾಳಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂತಿರುತ್ತದೆ. ಹಸಿ ಗಾಳಿ ಮೇಲೇರದಿದ್ದರೆ ಮಳೆ ಹೇಗೆ ಬರಬೇಕು? ಪೂರ್ವದ ಹಿಂದೂ ಮಹಾಸಾಗರದಿಂದ ಬರುವ ತೇವವೂ ಇಡೀ ಖಂಡ ದಾಟುವಷ್ಟರಲ್ಲಿ ಬಹುಪಾಲು ಖಾಲಿಯಾಗಿರುತ್ತದೆ.

ಮಳೆಯ ಬದಲು ಈ ಕಡಲು ಮಂಜು ಕೊಡುತ್ತದೆ. ತೀರದಲ್ಲಿ ವರ್ಷಕ್ಕೆ ನೂರಕ್ಕೂ ಜಾಸ್ತಿ ದಿನ ಮಂಜು ಕವಿಯುತ್ತದೆ. ಅದನ್ನೇ ಕುಡಿದು ಬದುಕುವ ಒಂದು ಕಪ್ಪು ಜೀರುಂಡೆ ಅಲ್ಲಿದೆ. ಬೆಳಗಿನ ಜಾವ ದಿಬ್ಬದ ತುದಿಗೆ ಹತ್ತಿ, ಗಾಳಿಗೆ ಮುಖಮಾಡಿ, ತಲೆ ಕೆಳಗೆ ಬೆನ್ನು ಮೇಲೆ ಮಾಡಿ ನಿಲ್ಲುತ್ತದೆ. ಬೆನ್ನಿನ ಮೇಲೆ ಕಟ್ಟಿದ ಹನಿಗಳು ಜಾರಿ ಸೀದಾ ಬಾಯಿಗೆ ಇಳಿಯುತ್ತವೆ.

ಇನ್ನು ಮರಳಿನ ವಿಷಯ. ಅದರ ಬಹುಪಾಲು ಅಲ್ಲಿಯದೇ ಅಲ್ಲ! ದಕ್ಷಿಣದ ಗಡಿಯಲ್ಲಿ ಹರಿಯುವ ಆರೆಂಜ್ ನದಿ ಹುಟ್ಟುವುದು ದೂರದ ಲೆಸೊಥೊ ಬೆಟ್ಟಗಳಲ್ಲಿ. ಅದು ಮರಳನ್ನು ಹೊತ್ತು ತಂದು ಅಟ್ಲಾಂಟಿಕ್‌ಗೆ ಸುರಿಯುತ್ತದೆ. ಅಲೆಗಳು ಆ ಮರಳನ್ನು ತೀರದ ಗುಂಟ ಉತ್ತರಕ್ಕೆ ತಳ್ಳುತ್ತವೆ, ಆಮೇಲೆ ಗಾಳಿ ಒಳನಾಡಿಗೆ ಹಾರಿಸುತ್ತದೆ. ಇದೇ ದಾರಿಯಲ್ಲಿ ವಜ್ರಗಳೂ ಬಂದಿವೆ. ಸೊಸುಸ್‌ವ್ಲೈ ಎಂಬಲ್ಲಿ ದಿಬ್ಬಗಳು 300 ಮೀಟರಿಗೂ ಎತ್ತರ. ಒಳಗೆ ಹೋದಷ್ಟೂ ಮರಳು ಕೆಂಪಾಗುತ್ತದೆ, ಹಳೆಯ ಕಣಗಳಿಗೆ ಕಬ್ಬಿಣದ ತುಕ್ಕು ಜಾಸ್ತಿ ಹತ್ತಿರುತ್ತದೆ. ತೀರವೂ ಒಂದೇ ಕಡೆ ನಿಲ್ಲುವುದಿಲ್ಲ. 1909ರಲ್ಲಿ ಮಂಜಿನಲ್ಲಿ ನೆಲಕ್ಕೆ ಹತ್ತಿದ ಎಡ್ವರ್ಡ್ ಬೋಲೆನ್ ಎಂಬ ಜರ್ಮನ್ ಹಡಗು ಈಗ ನೀರಿನಿಂದ ನೂರಾರು ಮೀಟರ್ ಒಳಗೆ, ಮರಳಿನಲ್ಲಿ ಅರ್ಧ ಹೂತು ಬಿದ್ದಿದೆ.

ಈ ಮರಳಿನ ಸಾಮ್ರಾಜ್ಯಕ್ಕೆ ಉತ್ತರದಲ್ಲಿ ಗಡಿ ಹಾಕಿರುವುದು ಕುಯ್‌ಸೆಬ್ ಎಂಬ ನದಿ. ವರ್ಷದ ಹೆಚ್ಚು ದಿನ ಒಣಗಿಯೇ ಇರುತ್ತದೆ. ಯಾವಾಗಲೋ ಒಮ್ಮೆ ಪ್ರವಾಹ ಬಂದಾಗ, ಪಾತ್ರಕ್ಕೆ ನುಗ್ಗಿದ ಮರಳನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ನದಿಯ ದಕ್ಷಿಣ ದಡದವರೆಗೆ ದಿಬ್ಬಗಳ ಸಾಲು, ಉತ್ತರಕ್ಕೆ ಬರೀ ಜಲ್ಲಿಕಲ್ಲಿನ ಬಯಲು. ನನಗಂತೂ ಇಡೀ ದೇಶದಲ್ಲಿ ಇದಕ್ಕಿಂತ ಸೋಜಿಗದ ಗೆರೆ ಇನ್ನೊಂದಿಲ್ಲ.

ಕುಡಿಯುವ ನೀರು? ವರ್ಷವಿಡೀ ಹರಿಯುವ ನದಿಗಳು ಗಡಿಗಳಲ್ಲಿ ಮಾತ್ರ: ದಕ್ಷಿಣಕ್ಕೆ ಆರೆಂಜ್, ಉತ್ತರ, ಈಶಾನ್ಯಕ್ಕೆ ಕುನೆನೆ, ಒಕವಾಂಗೊ, ಜಾಂಬೆಜಿ. ಜನ ಜಾಸ್ತಿ ಇರುವುದೂ ಉತ್ತರದಲ್ಲೇ, ಮಳೆ ಇರುವ ಕಡೆ. ಬಂದರು ನಗರ ವಾಲ್ವಿಸ್ ಬೇಗೆ ಕುಯ್‌ಸೆಬ್‌ನ ಮರಳಿನಡಿಯ ನೀರು ಆಧಾರ. ವಿಂಡ್‌ಹುಕ್‌ನವರದ್ದು ಇನ್ನೂ ಬೇರೆ ದಾರಿ. ಅವರು 1968ರಿಂದಲೇ ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಮತ್ತೆ ನಲ್ಲಿಗೆ ಬಿಡುತ್ತಿದ್ದಾರೆ.