ಕಾರ್ನರ್‌ನವನಿಗೆ ಚಪ್ಪಾಳೆ ಇಲ್ವಾ?

ಪ್ರಶ್ನೆ: ನಾನು ಶಾಲೆಯ ಕಬಡ್ಡಿ ಟೀಮಿನಲ್ಲಿ ಎಡ ಕಾರ್ನರ್, ಅಂದರೆ ಹಿಡಿಯುವವರ ಸಾಲಿನ ಎಡ ತುದಿಯವನು. ಉಪಜಿಲ್ಲಾ ಪಂದ್ಯಾಟದ ಮೊದಲ ಮ್ಯಾಚಲ್ಲೇ ಸೋತೆವು. ನಾನು ಕಾಲು ಹಿಡಿದರೂ ರೈಡರ್ ಎಳೆದುಕೊಂಡು ಹೋಗಿ ಗೆರೆ ಮುಟ್ಟಿದ. ಬೈಗುಳ ನನಗೆ, ಚಪ್ಪಾಳೆ ನಮ್ಮ ರೈಡರಿಗೆ. ಆಟ ಬಿಡಲಾ?
— 9ನೇ ತರಗತಿ ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಬಿಡಬೇಡ ಮಾರಾಯ. ಕಾಲು ಸಿಕ್ಕಿತ್ತಲ್ವಾ? ಕಷ್ಟದ ಕೆಲಸ ಅದೇ. ಆಗ ನಿನ್ನ ಪಕ್ಕದವನು ಎಲ್ಲಿದ್ದ? ಸಾಲಿನ ನಡುವೆ ನಿಲ್ಲುವ ಕವರ್‌ನವನು ಎಲ್ಲಿದ್ದ? ನೀನು ಅದನ್ನು ಬರೆದೇ ಇಲ್ಲ. ಕಾರ್ನರ್‌ನವನು ಪಾದ ಹಿಡಿದು ರೈಡರನ್ನು ಒಂದು ಕ್ಷಣ ನಿಲ್ಲಿಸುತ್ತಾನೆ, ಅಷ್ಟೇ. ಆ ಕ್ಷಣದಲ್ಲಿ ಕವರ್ ಬಂದು ಸೊಂಟ ಹಿಡಿಯಬೇಕು, ಉಳಿದವರು ನಡುಗೆರೆಯ ದಾರಿ ಮುಚ್ಚಬೇಕು. ಅವರು ಸುಮ್ನೆ ನಿಂತು ನೋಡಿದರೆ ಎಂಥ ಹಿಡಿತವೂ ಜಾರುತ್ತದೆ.

ಪಕ್ಕದವನ ಕೈ ಹಿಡಿದು ನಿಲ್ಲುತ್ತೀಯಲ್ಲ, ನುಗ್ಗುವ ಮೊದಲು ಆ ಕೈಯನ್ನು ಒಮ್ಮೆ ಒತ್ತು, ಅದೇ ಸೂಚನೆ. ನಮ್ಮ ಕಡೆ ಒಂದೇ ಟೀಮಿನಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ಎಲ್ಲದರಲ್ಲೂ ಕೂಗುತ್ತಾರೆ. ಗಲಾಟೆಯಲ್ಲಿ ಒಂದೂ ಕೇಳಿಸುವುದಿಲ್ಲ. ಸಂಜೆ ನಿಮ್ಮ ಆ ರೈಡರನ್ನೇ ಕರೆದು ನಿಧಾನವಾಗಿ ರೈಡ್ ಮಾಡಲು ಹೇಳು. ನೀನು ಕಾಲು ಹಿಡಿದ ಕೂಡಲೇ ಉಳಿದವರು ಬರುವುದು ರೂಢಿಯಾದ ಮೇಲೆ ಅವನ ವೇಗ ಹೆಚ್ಚಲಿ. ಬೇಜಾರಾಗುತ್ತದೆ. ನಾನು ಪಿ.ಟಿ. ಮಾಷ್ಟ್ರಾಗಿದ್ದಾಗಲೂ ಇದಕ್ಕೆ ಮಕ್ಕಳು ಮುಖ ಸಿಂಡರಿಸುತ್ತಿದ್ದರು. ಎಲ್ಲರಿಗೂ ರೈಡೇ ಬೇಕು!

ಚಪ್ಪಾಳೆ ವಿಷಯ. ನಿಮ್ಮ ರೈಡರ್ ಔಟಾಗಿ ಹೊರಗೆ ಕೂತಾಗ ಅವನನ್ನು ಒಳಗೆ ತರುವವರು ಯಾರು? ಎದುರಿನ ರೈಡರನ್ನು ಹಿಡಿದರೆ ಒಂದು ಪಾಯಿಂಟು, ಜೊತೆಗೆ ಔಟಾದ ನಿಮ್ಮವನೊಬ್ಬ ವಾಪಸ್.

2016ರ ವಿಶ್ವಕಪ್‌ನಲ್ಲಿ ಭಾರತವೂ ಮೊದಲ ಮ್ಯಾಚನ್ನು ದಕ್ಷಿಣ ಕೊರಿಯಾ ಎದುರು 32–34ರಲ್ಲಿ ಸೋತಿತ್ತು. ಫೈನಲಿನ ಅರ್ಧದಲ್ಲಿ ಇರಾನ್‌ಗಿಂತ ಹಿಂದಿತ್ತು, ಕೊನೆಗೆ 38–29ರಲ್ಲಿ ಗೆದ್ದಿತು. ಅವರಿಗೆ ಲೀಗ್ ಇತ್ತು, ಸೋತರೂ ಮುಂದಿನ ಮ್ಯಾಚ್ ಇತ್ತು. ನೀನು ಮುಂದಿನ ವರ್ಷದವರೆಗೆ ಕಾಯಬೇಕು. ಅದು ಕಷ್ಟವೇ, ಒಪ್ಪುತ್ತೇನೆ.

ಬೈದವರನ್ನು ಮಾಷ್ಟ್ರ ಎದುರಲ್ಲೇ ಕೇಳು: ‘ನಾನು ಕಾಲು ಹಿಡಿದಾಗ ಯಾರು ಬರ್ತೀರಿ?’ ಹೆಸರು ಹೇಳಿಸು.

ಪ್ರಶ್ನೆ: ಮಳೆಗಾಲದಲ್ಲಿ ಮೈದಾನ ಕೆಸರು. ಮಕ್ಕಳಿಗೆ ಅಭ್ಯಾಸ ಹೇಗೆ?
— ಒಬ್ಬ ಶಿಕ್ಷಕಿ, ಮಂಜೇಶ್ವರ

ಉತ್ತರ: ಸಿಮೆಂಟ್ ನೆಲದಲ್ಲಿ ಹಿಡಿಯುವುದು, ಬೀಳುವುದು ಬೇಡವೇ ಬೇಡ, ಮೊಣಕಾಲು ಹೋಗುತ್ತದೆ. ಕೈ ಕೈ ಹಿಡಿದು ಎಡಕ್ಕೆ, ಬಲಕ್ಕೆ ಒಟ್ಟಿಗೆ ಸರಿಯುವುದನ್ನು ಹಾಲ್‌ನಲ್ಲೇ ಮಾಡಿಸಿ. ರೈಡರುಗಳು ಗಡಿಯಾರ ನೋಡಿಕೊಂಡು 30 ಸೆಕೆಂಡ್ ‘ಕಬಡ್ಡಿ ಕಬಡ್ಡಿ’ ಹೇಳಲಿ. ಒದ್ದೆ ಟೈಲ್ಸ್ ಆದರೆ ಅದೂ ಬೇಡ, ರಜೆ ಕೊಡಿ.